ಏಳನೇ ಟಿಪ್ಪಣಿ

ಸಿಂಗಪುರದ ಹೌಗಾಂಗ್‌ನ ನಮ್ಮ ಬ್ಲಾಕಿನ ಒಂಬತ್ತನೇ ಮಹಡಿಯಲ್ಲಿ ಸ್ಕಾಟ್ಲೆಂಡಿನ ವಕೀಲರೊಬ್ಬರಿದ್ದಾರೆ. ಹೆಸರು ಗಾರ್ಡನ್ ಲೇಡ್‌ಲಾ. ಹಡಗುಗಳ ವ್ಯಾಜ್ಯ ಅವರ ಕಸುಬು, ಗಿಡಗಳು ಅವರ ಹುಚ್ಚು. ಹೆಸರಿನ ತಲೆಯಲ್ಲಿ ಗಾರ್ಡನ್ನೂ ಬಾಲದಲ್ಲಿ ಲಾ ಕೂಡ ಇರುವುದು ನನ್ನ ಕೈಚಳಕವಲ್ಲ. ಅರವತ್ತಮೂರು ವರ್ಷದ ಹಿಂದೆ ಪೀಬಲ್ಸ್ ಎಂಬ ಊರಿನಲ್ಲಿ ಅವರ ಅಪ್ಪ ಅಮ್ಮ ಏನೂ ತಿಳಿಯದೆ ಇಟ್ಟದ್ದು. ಇಂಗ್ಲಿಷಿನಲ್ಲಿ ಬರೆದರೆ ಆ ಗಾರ್ಡನ್ನಿಗೂ ತೋಟಕ್ಕೂ ನಂಟಿಲ್ಲ, ನಮ್ಮ ಬಾಯಲ್ಲಿ ಇದೆ. ಇಲ್ಲಿ ಹುಟ್ಟಿ ಬೆಳೆದ ನಮ್ಮ ಮಕ್ಕಳು ಪ್ರತಿ ಮಾತಿನ ಕೊನೆಗೂ ಒಂದು ‘ಲಾ’ ಅಂಟಿಸುವುದರಿಂದ, ಇಡೀ ಬ್ಲಾಕಿನಲ್ಲಿ ಮಕ್ಕಳು ಪೂರ್ತಿ ಹೆಸರು ಹಿಡಿದು ಕರೆಯುವುದು ಇವರೊಬ್ಬರನ್ನೇ.

ಆಂಗ್ ಮೋ ಎಂದರೆ ಇಲ್ಲಿನ ಚೀನೀಯರ ಮಾತಿನಲ್ಲಿ ಬಿಳಿಯ. ಈ ಆಂಗ್ ಮೋ, ಆಂಗ್ ಮೋ ಕಿಯೋ ಬಡಾವಣೆ ಬಿಟ್ಟು ಹೌಗಾಂಗ್‌ಗೆ ಯಾಕೆ ಬಂದ ಎಂದು ಕೆಳಗಿನ ಕಾಫಿ ಅಂಗಡಿಯ ಮುದುಕರು ಇಪ್ಪತ್ತೈದು ವರ್ಷದಿಂದ ಅದೇ ಒಂದು ಜೋಕು ಮಾಡುತ್ತಿದ್ದಾರೆ. ಲೇಡ್‌ಲಾ ಅವರೂ ಇಪ್ಪತ್ತೈದು ವರ್ಷದಿಂದ ಇವತ್ತೇ ಮೊದಲು ಕೇಳಿದವರಂತೆ ನಗುತ್ತಾರೆ. ಅಂಥ ಮನುಷ್ಯ.

ಅವರ ತಂದೆ ಪೀಬಲ್ಸಿನಲ್ಲಿ ಸಣ್ಣ ವಕೀಲರು. ಯಾರ ಕುರಿ ಯಾರ ಬೇಲಿ ಹಾರಿತು ಎಂಬುದರ ಮೇಲೆ ಸಂಸಾರ ನಡೆಸಿದವರು. ತಾಯಿ ಕಲ್ಲುಗೋಡೆಯ ಮೇಲಿನ ಪಾಚಿಯನ್ನು ಭೂತಗನ್ನಡಿಯಲ್ಲಿ ತೋರಿಸಿ ಒಂದೊಂದರ ಹೆಸರೂ ಹೇಳಿಕೊಡುತ್ತಿದ್ದರಂತೆ. ಹುಡುಗ ಬಾಟನಿ ಓದುತ್ತೇನೆ ಎಂದ. ಪಾಚಿ ಯಾರಿಗೂ ಫೀಸು ಕೊಡುವುದಿಲ್ಲ ಎಂದು ತಂದೆ ಎಡಿನ್‌ಬರೋಗೆ ಕಳಿಸಿ ಲಾ ಓದಿಸಿದರು. ಕಾನೂ ಬೇಕು, ಕಾನೂನೂ ಬೇಕು ಎನ್ನುವ ಒದ್ದಾಟ ಅಲ್ಲಿ ಶುರುವಾಗಿ ಇಲ್ಲಿಯವರೆಗೂ ಬಂದಿದೆ.

ಮೂವತ್ತೊಂದನೇ ವಯಸ್ಸಿಗೆ ತಂಜಾಂಗ್ ಪಗಾರ್‌ನ ಒಂದು ವಕೀಲರ ಆಫೀಸಿಗೆ ಬಂದರು. ಹಡಗಿನಲ್ಲಿ ನೆನೆದು ಮೊಳಕೆ ಬಂದ ಅಕ್ಕಿಗೆ ಹೊಣೆ ಯಾರು, ಹಡಗಿನವನೋ ಮಳೆಯೋ, ಎಂಬಂಥ ಪ್ರಶ್ನೆಗಳಿಗೆ ನಲವತ್ತು ಪುಟದ ಉತ್ತರ ಬರೆಯುವುದು ಕೆಲಸ. ನಲವತ್ತರಲ್ಲಿ ಹತ್ತು ಪುಟ ಉತ್ತರ, ಮೂವತ್ತು ಪುಟ ಟಿಪ್ಪಣಿ. ಮುಖ್ಯವಾದುದೆಲ್ಲ ಟಿಪ್ಪಣಿಯಲ್ಲಿರುತ್ತದೆ ಎಂಬುದು ಅವರ ವೃತ್ತಿಯ ಮೊದಲ ಪಾಠ, ಕೊನೆಯ ನಂಬಿಕೆ.

ಅದೇ ಕಟ್ಟಡದ ವಿಮಾ ಕಂಪನಿಯಲ್ಲಿ ರಜನಿ ಇದ್ದಳು. ಸಿಂಗಪುರದಲ್ಲೇ ಬೆಳೆದ ಕನ್ನಡದ ಹುಡುಗಿ, ನನ್ನ ಗೆಳತಿ. ಅವಳಿಗೆ ಇವರು ಕೊಟ್ಟ ಮದುವೆಯ ಪ್ರಸ್ತಾಪದ ಪತ್ರಕ್ಕೂ ಕೆಳಗೊಂದು ಟಿಪ್ಪಣಿ ಇತ್ತು: ಮೇಲೆ ಹೇಳಿದ ಯಾವುದೂ ತಮ್ಮನ್ನು ಯಾವ ರೀತಿಯಲ್ಲೂ ಕಟ್ಟಿಹಾಕುವುದಿಲ್ಲ. ರಜನಿ ಟಿಪ್ಪಣಿ ಓದಲಿಲ್ಲ, ಒಪ್ಪಿಬಿಟ್ಟಳು. ಅವಳ ತಂದೆ ದ್ವಾರಕನಾಥರು ಹಡಗುಕಟ್ಟೆಯಲ್ಲಿ ಎಂಜಿನಿಯರಾಗಿದ್ದವರು, ಈಗಿಲ್ಲ. ಅಳಿಯ ಎರಡನೇ ಸಲ ಸಾರು ಕೇಳುವಷ್ಟಾದರೂ ಕನ್ನಡ ಕಲಿಯಬೇಕು ಎಂದು ಷರತ್ತು ಹಾಕಿದರಂತೆ. ಕಲಿಸಿದವರು ಅತ್ತೆ ಮೈಥಿಲಿಯಮ್ಮ. ಬರೆದು ಕಲಿಸಿದ್ದರಿಂದ ಲೇಡ್‌ಲಾ ಅವರ ಕನ್ನಡ ಇವತ್ತಿಗೂ ಇಸ್ತ್ರಿ ಹಾಕಿದ ಪಂಚೆಯಂತಿದೆ. ಮೈಥಿಲಿಯಮ್ಮನಿಗೆ ಈಗ ಎಂಬತ್ತೊಂದು. ಮಗಳು ಅಳಿಯನ ಜೊತೆಗೇ ಇದ್ದಾರೆ, ಮನೆಯನ್ನು ನಡೆಸುತ್ತಲೂ ಇದ್ದಾರೆ.

ಭಾನುವಾರ ಬಂದರೆ ಲೇಡ್‌ಲಾ ಭೂತಗನ್ನಡಿ ಜೇಬಿಗೆ ಹಾಕಿಕೊಂಡು MRT ರೈಲು ಹತ್ತಿ ಯಾವುದಾದರೂ ಕೊನೆಯ ಸ್ಟೇಷನ್ನಿಗೆ ಹೋಗುತ್ತಿದ್ದರು. ಅಲ್ಲಿ ನೆಲದ ಮೇಲೆ ಮಕಾಡೆ ಮಲಗಿ ಹುಲ್ಲಿನೊಳಗೆ ನೋಡುವುದು. ಎರಡು ಸಲ ಯಾರೋ ಪುಣ್ಯಾತ್ಮರು ಆಂಬುಲೆನ್ಸ್ ಕರೆಸಿದ್ದಾರೆ. ನೋಡುತ್ತಿದ್ದರು, ಬರೆದುಕೊಳ್ಳುತ್ತಿದ್ದರು, ಚಿತ್ರ ಬಿಡಿಸುತ್ತಿದ್ದರು. ಒಂದೇ ಒಂದು ಎಲೆ ಮಾತ್ರ ಕೀಳುತ್ತಿರಲಿಲ್ಲ. ಸರ್ಕಾರದ ನೆಲದಲ್ಲಿ ಬೆಳೆದ ಗಿಡವನ್ನು ಅನುಮತಿ ಇಲ್ಲದೆ ಕೀಳುವಂತಿಲ್ಲ, ಇದು ಈ ಊರಿನ ಕಾನೂನು. ಬೇರೆ ಹವ್ಯಾಸಿಗಳು ಆ ಕಡೆ ಈ ಕಡೆ ನೋಡಿ ಒಂದು ಕಡ್ಡಿ ಮುರಿದು ಟೋಪಿಯೊಳಗೆ ಹಾಕಿಕೊಳ್ಳುತ್ತಾರೆ. ಇವರು ಆ ಕಡೆ ಈ ಕಡೆ ನೋಡುವುದೂ ಇಲ್ಲ.

ಅವರಿಗೆ ಬೇಕಾಗಿದ್ದದ್ದು ಒಂದೇ. ಸಸ್ಯ ಸಂಗ್ರಹಾಲಯದಲ್ಲಿ ಒಣಗಿಸಿದ ಗಿಡಗಳನ್ನು ದಪ್ಪ ಕಾಗದದ ಹಾಳೆಗೆ ಅಂಟಿಸಿ ಇಡುತ್ತಾರೆ. ಹಾಳೆಯ ಮೂಲೆಯಲ್ಲಿ ಒಂದು ಚೀಟಿ: ಗಿಡದ ಹೆಸರು, ಸಿಕ್ಕ ಜಾಗ, ದಿನ, ಸಂಗ್ರಹಿಸಿದವರು. ಆ ಕೊನೆಯ ಸಾಲಿನಲ್ಲಿ ‘ಜಿ. ಲೇಡ್‌ಲಾ’ ಎಂದು ಇರುವ ಒಂದು ಹಾಳೆ. ಇನ್ನೂರು ವರ್ಷದ ಆಚೆ ಯಾರೋ ಬೀರು ತೆಗೆದು ನೋಡಿದರೆ ಇರಬೇಕು, ಅಷ್ಟೆ. ಆದರೆ ಬೀರುವಿಗೆ ಹೊಸದೇನಾದರೂ ಕೊಡಬೇಕಲ್ಲ. ಮೂವತ್ತು ವರ್ಷದಲ್ಲಿ ಅವರು ಕಂಡ ಪ್ರತಿಯೊಂದನ್ನೂ ಅವರಿಗಿಂತ ನೂರು ವರ್ಷ ಮೊದಲು ಯಾರೋ ಕಂಡಾಗಿತ್ತು. ಹಾಗೆ ಕಂಡವರಲ್ಲಿ ಕೆಲವರು ಅವರೂರಿನ ಕಡೆಯವರೇ ಆಗಿದ್ದದ್ದು ಗಾಯದ ಮೇಲೆ ಬರೆ.

ಮೂವತ್ತು ವರ್ಷ ಊರೆಲ್ಲ ಉರುಳಾಡಿದವರಿಗೆ ಅದು ಸಿಕ್ಕಿದ್ದು ಮನೆಯ ಹಿತ್ತಿಲಿನಲ್ಲಿ. ನಿವೃತ್ತಿಯಾದ ವರ್ಷ ಒಂದು ಬೆಳಿಗ್ಗೆ, ನಮ್ಮ ಬ್ಲಾಕಿನ ಹಿಂದಿನ ಇಳಿಜಾರಿನಲ್ಲಿ, ಮೂರನೇ ದೀಪದ ಕಂಬದ ಬುಡದಲ್ಲಿ, ಚರಂಡಿಯ ಎಡಗಡೆ. ಅಂಗೈಯಷ್ಟು ಜಾಗದಲ್ಲಿ ಹರಡಿದ ಪುಟ್ಟ ಗಿಡ. ಉಗುರಿನಷ್ಟು ನೀಲಿ ಹೂ. ಏಳಕ್ಕೆ ಅರಳಿ ಹತ್ತಕ್ಕೆ ಮುಚ್ಚಿಕೊಳ್ಳುವುದು, ಸರ್ಕಾರಿ ಆಫೀಸಿಗಿಂತಲೂ ಕಡಿಮೆ ವೇಳೆ. ಯಾವ ಪುಸ್ತಕದಲ್ಲೂ ಅದು ಸಿಗಲಿಲ್ಲ. ನೂರು ವರ್ಷದ ಹಿಂದೆ ಯಾರೋ ಬಿಡಿಸಿದ ಒಂದು ಮಸುಕು ಚಿತ್ರಕ್ಕೆ ‘ಬಹುಶಃ’ ಹೋಲುತ್ತಿತ್ತು. ಬೇರು ಇಲ್ಲಿ ಬಿಟ್ಟರೆ ಬೇರೆಲ್ಲೂ ಇಲ್ಲ. ಹುಡುಕಿ ನೋಡಿದರು, ಅದೊಂದೇ.

ಯಾರಿಗೂ ಹೇಳಲಿಲ್ಲ. ಹೆಂಡತಿಗೂ ಹೇಳಲಿಲ್ಲ. ಕಕ್ಷಿಗಾರನ ಗುಟ್ಟು ಕಾಪಾಡುವುದು ಅಭ್ಯಾಸ, ಇಲ್ಲಿ ಕಕ್ಷಿಗಾರ ಗಿಡ. ಸುತ್ತ ಮೂರು ಕಲ್ಲು ಇಟ್ಟರು. ತಿಂಗಳಿಗೊಮ್ಮೆ ಹುಲ್ಲು ಕತ್ತರಿಸುವವರು ಬರುವ ದಿನ ಬೆಳಿಗ್ಗೆಯೇ ಹೋಗಿ ಆ ಜಾಗದಲ್ಲಿ ಪೇಪರ್ ಓದುತ್ತ ನಿಲ್ಲುತ್ತಿದ್ದರು. ಮಿಷನ್ ಹಿಡಿದವರು ಸುತ್ತು ಹಾಕಿ ಹೋಗುತ್ತಿದ್ದರು. ನಮ್ಮ ಅಡುಗೆಮನೆಯ ಕಿಟಕಿಯಿಂದ ಅದು ಕಾಣುತ್ತಿತ್ತು. ನಿವೃತ್ತಿಯಾದ ಗಂಡಸರಿಗೆ ಹೀಗೆಲ್ಲ ಆಗುತ್ತದೆ ಎಂದುಕೊಂಡಿದ್ದೆ.

ಅನುಮತಿಗೆ ಅರ್ಜಿ ಹಾಕಿದರು. ಆ ಅರ್ಜಿಗೆ ಎರಡು ವರ್ಷ ಹಿಡಿಯಿತು. ಇಲಾಖೆಯ ಹೆಸರು ನಾನು ಹೇಳುವುದಿಲ್ಲ, ಅವರೂ ಹೇಳಬೇಡಿ ಎಂದಿದ್ದಾರೆ. ಫಾರಂನಲ್ಲಿ ‘ನಿಮ್ಮ ಸಂಸ್ಥೆ’ ಎಂಬ ಜಾಗವಿತ್ತು. ಇಲ್ಲ ಎಂದು ಬರೆದರು, ಕಂಪ್ಯೂಟರ್ ಮುಂದಕ್ಕೆ ಬಿಡಲಿಲ್ಲ. ‘ಗಿಡದ ಹೆಸರು’ ಎಂಬ ಜಾಗವಿತ್ತು. ಗಿಡವನ್ನು ಕಿತ್ತು ಪರೀಕ್ಷಿಸಿದ ಮೇಲೆ ತಿಳಿಯುತ್ತದೆ ಎಂದು ಬರೆದರು. ಹೆಸರು ತಿಳಿಸಿದ ಮೇಲೆ ಕೀಳಲು ಬಿಡುತ್ತೇವೆ ಎಂದು ಉತ್ತರ ಬಂತು. ಒಂದು ಹೂವಿಗೆ ಹೂಂ ಅನ್ನಿಸುವುದಕ್ಕೆ ಅವರು ಹದಿನೇಳು ಪತ್ರ ಬರೆದರು. ಎಲ್ಲವೂ ಟಿಪ್ಪಣಿ ಸಮೇತ. ಹದಿನೇಳನೆಯದಕ್ಕೆ ಕೊನೆಗೂ ಒಬ್ಬ ಹೆಂಗಸು ಫೋನ್ ಮಾಡಿ, ಪರಿಶೀಲನೆಯಲ್ಲಿದೆ, ಇನ್ನೆರಡು ವಾರದಲ್ಲಿ ತಿಳಿಸುತ್ತೇವೆ ಎಂದಳಂತೆ. ಕಳೆದ ವರ್ಷದ ಗಣೇಶನ ಹಬ್ಬಕ್ಕೆ ಆಗ ಹತ್ತು ದಿನ ಇತ್ತು.

ಇಲ್ಲಿ ನಾನು ಬರುತ್ತೇನೆ. ಬರದಿದ್ದರೆ ಚೆನ್ನಾಗಿತ್ತು.

ಗಣೇಶನಿಗೆ ಇಪ್ಪತ್ತೊಂದು ಬಗೆಯ ಪತ್ರೆ ಏರಿಸಬೇಕು. ಸಿಂಗಪುರದಲ್ಲಿ ಇಪ್ಪತ್ತೊಂದು ಎಲ್ಲಿಂದ ತರುವುದು. ಇಷ್ಟು ವರ್ಷ ನಾವು ಮಾವಿನೆಲೆಯನ್ನೇ ಇಪ್ಪತ್ತೊಂದು ಹೆಸರು ಹೇಳಿ ಏರಿಸುತ್ತಿದ್ದೆವು. ದೇವರ ಕಿವಿ ದೊಡ್ಡದು, ಕಣ್ಣು ಸಣ್ಣದು, ನಡೆಯುತ್ತಿತ್ತು. ಆ ವರ್ಷ ಹೌಗಾಂಗ್‌ನ ನಮ್ಮ ಕನ್ನಡ ಹೆಂಗಸರ ವಾಟ್ಸಾಪ್ ಗುಂಪಿನಲ್ಲಿ ಯಾರಿಗೋ ಭಕ್ತಿ ಉಕ್ಕಿ, ಮನೆಯಲ್ಲೇ ಗಿಡ ಬಲ್ಲವರಿದ್ದಾರಲ್ಲ, ರಜನಿ ನಿಮ್ಮವರನ್ನು ಕೇಳಿ ಎಂದರು. ಲೇಡ್‌ಲಾ ಅವರಿಗೆ ಇದಕ್ಕಿಂತ ಸಂತೋಷ ಬೇರೆ ಬೇಕೆ. ಮೂವತ್ತು ವರ್ಷದಲ್ಲಿ ಅವರ ಗಿಡದ ಜ್ಞಾನವನ್ನು ಯಾರಾದರೂ ಕೇಳಿದ್ದು ಅದೇ ಮೊದಲು. ಒಂದು ವಾರ ಕೂತು ಪಟ್ಟಿ ಮಾಡಿದರು. ಬಿಲ್ವ ಯಾವ ನರ್ಸರಿಯಲ್ಲಿ, ಎಕ್ಕ ಮತ್ತು ಗರಿಕೆ ಲಿಟ್ಲ್ ಇಂಡಿಯಾದ ಯಾವ ಅಂಗಡಿಯಲ್ಲಿ, ದಾಳಿಂಬೆಯ ಕುಂಡ ಯಾರ ಬಾಲ್ಕನಿಯಲ್ಲಿ. ದೇವದಾರು ಈ ಸೆಕೆಗೆ ಬದುಕುವುದಿಲ್ಲ ಎಂಬುದಕ್ಕೆ ಮಾತ್ರ ಅರ್ಧ ಪುಟ. ಒಟ್ಟು ಮೂರು ಪುಟ: ಒಂದು ಪುಟ ಪಟ್ಟಿ, ಎರಡು ಪುಟ ಟಿಪ್ಪಣಿ. ಇಂಗ್ಲಿಷಿನಲ್ಲಿ. ಕನ್ನಡಕ್ಕೆ ಇಳಿಸಿ ಗುಂಪಿಗೆ ಹಾಕುವ ಕೆಲಸ ನನ್ನ ಪಾಲಿಗೆ ಬಂತು. ಕಾನ್ವೆಂಟಿನಲ್ಲಿ ಓದಿದವಳಲ್ಲವೆ.

ಕಾನ್ವೆಂಟಿನಲ್ಲಿ ನಮಗೆ ಶುಕ್ರವಾರ ಶುಕ್ರವಾರ ಪ್ರೆಸಿ ಬರೆಸುತ್ತಿದ್ದರು. ಕೊಟ್ಟದ್ದನ್ನು ಮೂರನೇ ಒಂದು ಭಾಗಕ್ಕೆ ಇಳಿಸಬೇಕು, ಸಾರ ಕೆಡಬಾರದು. ನಾನು ಮೂರು ಪುಟವನ್ನು ಒಂದು ಪುಟಕ್ಕೆ ಇಳಿಸಿದೆ. ಲೆಕ್ಕ ಸರಿಹೋಯಿತು. ಟಿಪ್ಪಣಿಗಳನ್ನು ತೆಗೆದ ಮೇಲೆ ‘ಟಿಪ್ಪಣಿ ನೋಡಿ’ ಎಂಬ ಮಾತು ಯಾಕೆ ಎಂದು ಅದನ್ನೂ ಅಳಿಸಿದೆ. ಹನ್ನೊಂದನೆಯದು ವಿಷ್ಣುಕ್ರಾಂತಿ. ಅದರ ಎದುರಿಗೆ ಉಳಿದದ್ದು ಇಷ್ಟು: ‘ಹೋಲುವ ಗಿಡ: ಬ್ಲಾಕಿನ ಹಿಂದಿನ ಇಳಿಜಾರು, ಮೂರನೇ ದೀಪದ ಕಂಬ, ಚರಂಡಿಯ ಎಡಗಡೆ.’

ಅದಕ್ಕಿದ್ದ ಏಳನೇ ಟಿಪ್ಪಣಿಯನ್ನು ನಾನು ಓದಿದ್ದು ಆಮೇಲೆ. ಅದರ ಸಾರಾಂಶ ಹೀಗೆ: ವಿಷ್ಣುಕ್ರಾಂತಿ ಈ ಊರಿನಲ್ಲಿ ನಾನು ಕಂಡಿಲ್ಲ. ನೋಡಿದವರು ಅದೇ ಎಂದು ಭ್ರಮಿಸಬಹುದಾದ ಗಿಡವೊಂದು ಮೇಲೆ ಹೇಳಿದ ಜಾಗದಲ್ಲಿದೆ. ಅದು ಇದಲ್ಲ. ಅದನ್ನು ಯಾವ ಕಾರಣಕ್ಕೂ ಯಾರೂ ಮುಟ್ಟತಕ್ಕದ್ದಲ್ಲ. ಎರಡು ವರ್ಷ ಹೆಂಡತಿಗೂ ಹೇಳದ ಗುಟ್ಟನ್ನು, ಯಾರಾದರೂ ತಪ್ಪಿ ಕಿತ್ತಾರು ಎಂಬ ಮುನ್ನೆಚ್ಚರಿಕೆಯಿಂದ, ಕಂಬದ ಲೆಕ್ಕ ಸಮೇತ ಬರೆದಿದ್ದರು. ಎಚ್ಚರಿಕೆ ಕೊಡಬೇಕಾದವನು ವಿಳಾಸವನ್ನೂ ಕೊಡಬೇಕು, ಇಲ್ಲದಿದ್ದರೆ ಎಚ್ಚರಿಕೆ ಪೂರ್ಣವಲ್ಲ. ಇದು ವಕೀಲರ ತಲೆ. ವಿಳಾಸ ಮುಂದಿರಲಿ, ಎಚ್ಚರಿಕೆ ಕೈಬಿಡೋಣ. ಇದು ನನ್ನ ತಲೆ.

ಹಬ್ಬದ ದಿನ ಕಡುಬಿನ ಡಬ್ಬಿ ಹಿಡಿದು ನಾನು ಅವರ ಮನೆಗೆ ಹೋದಾಗ ಪೂಜೆ ಅರ್ಧವಾಗಿತ್ತು. ಲೇಡ್‌ಲಾ ಪಂಚೆ ಉಟ್ಟು, ಚಕ್ಕಳಮಕ್ಕಳ ಹಾಕಲಾಗದ ಎಡಗಾಲನ್ನು ಗೋಡೆಯ ಕಡೆಗೆ ಚಾಚಿ ಕೂತಿದ್ದರು. ಮೈಥಿಲಿಯಮ್ಮ ಸೋಫಾದಲ್ಲಿ ಕನ್ನಡಕ ಏರಿಸಿ ಪೂಜೆಯ ಪುಸ್ತಕ ಓದುವುದು, ಅಳಿಯ ತಟ್ಟೆಯಿಂದ ಆಯಾ ಪತ್ರೆ ತೆಗೆದು ಏರಿಸುವುದು, ಇದು ಆ ಮನೆಯ ಪದ್ಧತಿ. ಮಾಚಿಪತ್ರೆ ಆಯಿತು, ಬಿಲ್ವ ಆಯಿತು, ಗರಿಕೆ ಆಯಿತು. ಒಂದೊಂದನ್ನೂ ಏರಿಸುವ ಮುಂಚೆ ಅವರು ಕಣ್ಣಿನ ಹತ್ತಿರ ತಂದು ನೋಡುತ್ತಿದ್ದರು. ಭಕ್ತಿಯಂತೆಯೇ ಕಾಣುತ್ತಿತ್ತು.

ಹನ್ನೊಂದನೆಯದಕ್ಕೆ ಕೈ ನಿಂತಿತು.

ಬೇರು ಸಮೇತ ಬಂದಿತ್ತು ಗಿಡ. ಬೇರನ್ನು ನಲ್ಲಿಯಲ್ಲಿ ಚೊಕ್ಕಟವಾಗಿ ತೊಳೆದಿದ್ದರು. ಎರಡು ಹೂ ಅರಳಿ, ಒಂದು ಮೊಗ್ಗು, ಕೆಳಗೆ ಮೆಣಸಿನ ಕಾಳಿನಷ್ಟು, ಇನ್ನೂ ಬಲಿಯದ ಒಂದು ಕಾಯಿ.

ಮೈಥಿಲಿಯಮ್ಮ ಪುಸ್ತಕದಿಂದ ತಲೆ ಎತ್ತಿ ಮತ್ತೊಮ್ಮೆ ಹೇಳಿದರು, “ವಿಷ್ಣುಕ್ರಾಂತ ಪತ್ರಂ ಪೂಜಯಾಮಿ. ಏರಿಸಿ, ಅಳಿಯಂದ್ರೇ.”

“ಅತ್ತೆಯವರೇ, ಇದು ವಿಷ್ಣುಕ್ರಾಂತಿ ಅಲ್ಲ.”

“ಇವತ್ತಿಗೆ ಅದೇ. ಬೆಳಿಗ್ಗೆ ಏಳು ಗಂಟೆಗೆ ನಾನೇ ಹೋಗಿ ತಂದಿದೀನಿ, ಆ ಇಳಿಜಾರಲ್ಲಿ ಕೋಲು ಊರ್ಕೊಂಡು. ಮೂರು ಕಲ್ಲು ಇಟ್ಟು ಯಾರೋ ಗುರ್ತು ಬೇರೆ ಮಾಡಿದ್ರು, ಸುಲಭ ಆಯ್ತು. ಏರಿಸಿ.”

ಆ ಮನುಷ್ಯ ನನ್ನ ಕಡೆ ನೋಡಿದರು, ರಜನಿಯ ಕಡೆ ನೋಡಿದರು, ಕೈಯಲ್ಲಿದ್ದ ಗಿಡವನ್ನು ನೋಡಿದರು. ಆಮೇಲೆ ಏರಿಸಿದರು. ಸೊಂಡಿಲಿನ ಪಕ್ಕದಲ್ಲಿ, ಬೇರು ಮುರಿಯದ ಹಾಗೆ, ಸ್ವಲ್ಪ ಓರೆಯಾಗಿ. ಹದಿನೇಳು ಪತ್ರ ಬರೆದವರು ಅವರು, ಒಂದೇ ಪತ್ರೆಯಲ್ಲಿ ಎಲ್ಲ ಮುಗಿಸಿದವರು ನಾವು. ಉಳಿದ ಹತ್ತು ಎಲೆಗಳನ್ನು ಅವರು ಕಣ್ಣಿನ ಹತ್ತಿರ ತಂದು ನೋಡಲಿಲ್ಲ.

ಮಂಗಳಾರತಿ ಆದ ಮೇಲೆ ಲಿಫ್ಟಿನ ಹತ್ತಿರ ಅವರನ್ನು ಹಿಡಿದೆ. ಪಂಚೆಯಲ್ಲೇ ಕೆಳಗೆ ಹೊರಟಿದ್ದರು. ಮೂರನೇ ಕಂಬದ ಬುಡದಲ್ಲಿ ಕಾಫಿ ಲೋಟದ ಬಾಯಿಯಷ್ಟು ಗುಳಿ ಇತ್ತು. ಕಲ್ಲುಗಳು ಚದರಿದ್ದವು. ಮಂಡಿ ಊರಿ ಮಣ್ಣನ್ನು ಬೆರಳಲ್ಲಿ ಕೆದಕಿ, ಭೂತಗನ್ನಡಿ ಇಟ್ಟು, ಒಂದಾದರೂ ಬೀಜ ಬಿದ್ದಿದೆಯೇ ಎಂದು ಬಹಳ ಹೊತ್ತು ನೋಡಿದರು. ಅಲ್ಲೇ ನಿಂತು ನಾನು ಪಟ್ಟಿಯ ವಿಷಯ ಹೇಳಿದೆ. ಟಿಪ್ಪಣಿಗಳು ಏನಾದವು ಎಂದು ಕೇಳಿದರು. ಹಾಕಲಿಲ್ಲ ಎಂದೆ. ಓದಿದ್ದಿರಾ ಎಂದರು. ಇಲ್ಲ ಎಂದೆ. ಬೈದಿದ್ದರೆ ಚೆನ್ನಾಗಿತ್ತು. ಮೂವತ್ತು ವರ್ಷ ಹಡಗಿನ ಕಂಪನಿಗಳು ಕೂಡ ಓದಲಿಲ್ಲ ಎಂದು ಹೇಳಿ, ಚದರಿದ ಮೂರು ಕಲ್ಲನ್ನು ಗುಳಿಯ ಸುತ್ತ ಮತ್ತೆ ಜೋಡಿಸಿದರು.

ಮನೆಯಲ್ಲಿ ರಜನಿಗೆ ವಿಷಯ ತಿಳಿದಾಗ ಅವಳ ಸಿಟ್ಟು ನನ್ನ ಮೇಲೆ ಬರಲಿಲ್ಲ, ಗಂಡನ ಮೇಲೆ ಬಂತು. ಅಡುಗೆಮನೆಯಲ್ಲಿ ಪಲ್ಯದ ಸೌಟು ಹಿಡಿದುಕೊಂಡೇ ಕೇಳಿದಳು, “ಎರಡು ವರ್ಷ, ಗಾರ್ಡನ್. ಮನೇಲಿ ಒಂದು ಮಾತು ಹೇಳಕ್ಕಾಗ್ಲಿಲ್ವಾ? ನಾವೇನು ಆಪೋಸಿಟ್ ಪಾರ್ಟಿನಾ?”

ಅವರು ಅವಳ ಕೈಯಿಂದ ಸೌಟು ತೆಗೆದು ಪಲ್ಯದ ಪಾತ್ರೆಯಲ್ಲಿ ಇಟ್ಟರು.

ಈಗಲೇ ತೆಗೆದು ಕುಂಡದಲ್ಲಿ ನೆಟ್ಟರೆ ಬದುಕಬಹುದು ಎಂದು ರಜನಿ ಪಟ್ಟು ಹಿಡಿದಳು. ಬದುಕಬಹುದು, ಇನ್ನು ಎರಡು ಮೂರು ಗಂಟೆಯೊಳಗಾದರೆ, ಎಂದು ಅವರೂ ಒಪ್ಪಿದರು. ಆದರೆ ದೇವರ ಮೇಲಿಂದ ತೆಗೆಯುವ ಅಧಿಕಾರ ಯಾರದು. ಅತ್ತೆಯದು. ಅತ್ತೆಗೆ ಕಾರಣ ಹೇಳಬಾರದು, ಎಂಬತ್ತೊಂದರಲ್ಲಿ ಆ ಇಳಿಜಾರು ಇಳಿದು ತಂದಿದ್ದಾರೆ, ಹಬ್ಬದ ದಿನ ಮನಸ್ಸು ಕೆಡಬಾರದು. ಹಾಗಾಗಿ ಸುಮ್ಮನೆ, ವಿಸರ್ಜನೆ ಯಾವಾಗ ಎಂದಷ್ಟೇ ಕೇಳಿದರು. ನಮ್ಮ ಮನೆಯಲ್ಲಿ ಯಾವತ್ತೂ ಮೂರನೇ ದಿನ ಎಂದರು ಮೈಥಿಲಿಯಮ್ಮ. ಇವತ್ತೇ ಸಂಜೆ ಮಾಡುವವರೂ ಇದ್ದಾರಲ್ಲ ಎಂದು ರಜನಿ ಎಳೆದಳು. ಅವರು ಮಾಡಿಕೊಳ್ಳಲಿ ಎಂದು ಉತ್ತರ ಬಂತು.

ಮೂರು ದಿನ. ಏರ್‌ಕಂಡೀಷನ್ ಹಾಕಿದರೆ ಬೇಗ ಒಣಗುತ್ತದೆ, ಹಾಕದಿದ್ದರೆ ಬಾಡುತ್ತದೆ. ಲೇಡ್‌ಲಾ ಗಂಟೆಗೊಮ್ಮೆ ದೇವರ ಮುಂದೆ ಹೋಗಿ ನಿಲ್ಲುತ್ತಿದ್ದರು. ಅಳಿಯನಿಗೆ ಈ ವಯಸ್ಸಿನಲ್ಲಿ ಎಂಥ ಭಕ್ತಿ ಬಂತು ನೋಡು ಎಂದು ಮೈಥಿಲಿಯಮ್ಮ ನನಗೆ ಫೋನ್ ಮಾಡಿ ಹೇಳಿದರು.

ಎರಡನೇ ದಿನ ಸಂಜೆ ರಜನಿ ತಡೆಯಲಾರದೆ ಅಮ್ಮನಿಗೆ ಹೇಳಿಬಿಟ್ಟಳು. ದೇವರನ್ನು ಇಟ್ಟ ಮೇಲೆ ನಡುವೆ ಏನೂ ಮಾಡುವಂತಿರಲಿಲ್ಲ, ಅದು ಮೈಥಿಲಿಯಮ್ಮನ ಕಾನೂನು. ಮೂರನೇ ದಿನ ಬೆಳಿಗ್ಗೆಯೇ ವಿಸರ್ಜನೆಯ ಪೂಜೆ ಮುಗಿಸಿ, ಮೂರ್ತಿಯನ್ನು ಬಕೆಟ್ಟಿಗೆ ಇಳಿಸುವ ಮುಂಚೆ ಎಲೆಗಳನ್ನೆಲ್ಲ ಸರಿಸಿ, ಆ ಒಂದನ್ನು ಎರಡು ಬೆರಳಲ್ಲಿ ಎತ್ತಿ ಅಳಿಯನ ಕೈಗೆ ಕೊಟ್ಟರು. ಇನ್ನು ಇದು ದೇವರದ್ದಲ್ಲ, ನಿಮ್ಮದು ಎಂದರು.

ಬದುಕುವ ಸ್ಥಿತಿ ದಾಟಿತ್ತು. ಆದರೆ ಒಣಗಿದ ಮಾದರಿಯಾಗಿ ಅದಕ್ಕಿಂತ ಚಂದ ಇರಲಾರದು. ಹಳೆಯ ಪಂಚಾಂಗವೊಂದರ ಹಾಳೆಗಳ ನಡುವೆ ಇಟ್ಟು, ಮೇಲೆ ಹಡಗು ಕಾನೂನಿನ ನಾಲ್ಕು ದಪ್ಪ ಪುಸ್ತಕ ಹೇರಿದರು. ಆ ಪುಸ್ತಕಗಳು ಗಿಡದ ಕೆಲಸಕ್ಕೆ ಬಂದದ್ದು ಜೀವಮಾನದಲ್ಲಿ ಅದೊಂದೇ ಸಲ. ಹತ್ತು ದಿನದ ಮೇಲೆ ತೆಗೆದು ದಪ್ಪ ಹಾಳೆಗೆ ಅಂಟಿಸಿದರು. ಬೇರು, ಎಲೆ, ಹೂ, ಮೊಗ್ಗು, ಕಾಯಿ, ಒಂದೂ ಕಡಿಮೆಯಿಲ್ಲ. ಸಾಮಾನ್ಯವಾಗಿ ಬೇರು ತುಂಡಾಗಿರುತ್ತದೆಯಂತೆ. ಇಷ್ಟು ನಾಜೂಕಾಗಿ ಕೀಳುವುದು ನನ್ನಿಂದ ಆಗುತ್ತಿರಲಿಲ್ಲ ಎಂದು ಅವರೇ ಹೇಳಿದರು. ಎಪ್ಪತ್ತು ವರ್ಷ ಕೊತ್ತಂಬರಿ, ಮೆಂತ್ಯ ಸೋಸಿದ ಬೆರಳು.

ಊಟದ ಮೇಜಿನ ಮೇಲೆ ಚೀಟಿ ಬರೆಯಲು ಕೂತರು. ನಾವು ಮೂವರು ಹೆಂಗಸರು ಸುತ್ತ ಕೂತೆವು. ಜಾಗ ಬರೆದರು. ದಿನ ಬರೆದರು. ವೇಳೆ, ಮೈಥಿಲಿಯಮ್ಮನನ್ನು ಕೇಳಿ, ಬೆಳಿಗ್ಗೆ ಏಳು ಹತ್ತು. ಮಣ್ಣು ಒದ್ದೆ, ಬಿಸಿಲು ಓರೆ. ‘ಸಂಗ್ರಹಿಸಿದವರು’ ಎಂಬಲ್ಲಿಗೆ ಬಂದು ಪೆನ್ನು ಎತ್ತಿದರು.

ರಜನಿ, ಜಿ. ಲೇಡ್‌ಲಾ ಎಂದು ಹಾಕಿ, ಇದಕ್ಕೇ ತಾನೇ ಮೂವತ್ತು ವರ್ಷ ಕಾದದ್ದು ಎಂದಳು. ಸುಳ್ಳಾಗುತ್ತದೆ ಎಂದರು. ಯಾರೆಂದು ತಿಳಿಯದು ಎಂದು ಹಾಕಿ ಎಂದೆ ನಾನು. ತಿಳಿದಿದೆಯಲ್ಲ ಎಂದರು. ಹೆಸರಿಲ್ಲದೆ ಕೊಟ್ಟರೆ ಸಂಗ್ರಹಾಲಯದವರು ತೆಗೆದುಕೊಳ್ಳುವುದಿಲ್ಲ, ಹೆಸರು ಹಾಕಿದರೆ ಅನುಮತಿ ಸಂಖ್ಯೆ ಕೇಳುತ್ತಾರೆ.

ಮೈಥಿಲಿಯಮ್ಮ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿದರು. “ನನ್ನ ಹೆಸರು ಬರೀರಿ. ಕಿತ್ತಿದ್ದು ನಾನು ತಾನೇ.”

“ಬರೆಯಲಾಗುವುದಿಲ್ಲ, ಅತ್ತೆಯವರೇ. ಈ ಚೀಟಿ ತಪ್ಪೊಪ್ಪಿಗೆ ಆಗುತ್ತದೆ. ಜಾಗ, ದಿನ, ವೇಳೆ, ಎಲ್ಲ ಇದೆ. ನಿಮ್ಮ ವಕೀಲನಾಗಿ ಹೇಳುತ್ತಿದ್ದೇನೆ, ಸಹಿ ಮಾಡಬೇಡಿ.”

“ನಿಮ್ಮನ್ನ ವಕೀಲ್ರು ಅಂತ ನಾನ್ಯಾವಾಗ ಇಟ್ಕೊಂಡೆ? ಎಂಬತ್ತೊಂದು ವರ್ಷದ ಮುದುಕೀನ ಒಂದು ಕಳೆ ಕಿತ್ಲು ಅಂತ ಯಾರ್ರೀ ಹಿಡ್ಕೊಂಡು ಹೋಗ್ತಾರೆ?”

“ಬಹುಶಃ ಯಾರೂ ಇಲ್ಲ.”

“ಮತ್ತೆ?”

“ಬಹುಶಃ ಎನ್ನುವುದನ್ನು ನಂಬಿಸಿ ನಾನು ಇದುವರೆಗೆ ಯಾರಿಂದಲೂ ಸಹಿ ಹಾಕಿಸಿಲ್ಲ.”

ಗಿಡದ ವಿಷಯದಲ್ಲಿ ಮೂವತ್ತು ವರ್ಷ ಬರೀ ಬಹುಶಃ ಬರೆದುಕೊಂಡು ಬಂದವರು ಇವರೇ. ಆ ಮೇಜಿನ ಹತ್ತಿರ ಒಬ್ಬರ ಬದಲು ಇಬ್ಬರು ಕೂತ ಹಾಗಿತ್ತು, ಒಬ್ಬರಿಗೆ ಆ ಹಾಳೆ ಬೇಕು, ಇನ್ನೊಬ್ಬರು ಬಿಡುತ್ತಿಲ್ಲ. ರಜನಿ ವಾದಿಸಿದಳು, ನಾನು ವಾದಿಸಿದೆ, ಮೈಥಿಲಿಯಮ್ಮ ಪೆನ್ನು ಕಿತ್ತುಕೊಳ್ಳಲು ಕೂಡ ನೋಡಿದರು. ಇಲಾಖೆಗೇ ಫೋನ್ ಮಾಡಿ ಇದ್ದದ್ದು ಇದ್ದ ಹಾಗೆ ಹೇಳಿದರಾಯಿತು ಎಂದಳು ರಜನಿ. ಕಕ್ಷಿಗಾರಳ ತಪ್ಪನ್ನು ವಕೀಲನೇ ಫೋನ್ ಮಾಡಿ ಹೇಳುವುದೇ ಎಂದು ಅವರು ನಿಜವಾಗಿಯೂ ಗಾಬರಿಯಾದರು. ಕೊನೆಗೆ ಆ ಸಾಲು ಖಾಲಿ ಬಿಟ್ಟು, ಹಾಳೆಯನ್ನು ಪಂಚಾಂಗದ ಜೊತೆಗೇ ಬೀರುವಿನಲ್ಲಿ ಇಟ್ಟರು. ಅವರ ಬೀರು, ಸಂಗ್ರಹಾಲಯದ್ದಲ್ಲ.

ಅನುಮತಿ ಬಂದದ್ದು ಅದರ ಮರುದಿನ. ಇಮೇಲ್. ಸದರಿ ಸ್ಥಳದಲ್ಲಿ, ಸದರಿ ಗಿಡದ ಒಂದು ಮಾದರಿಯನ್ನು ತೊಂಬತ್ತು ದಿನದೊಳಗೆ ಸಂಗ್ರಹಿಸಬಹುದು. ಕೆಳಗೆ ಎಂಟು ಟಿಪ್ಪಣಿ. ಎಂಟನ್ನೂ ಓದಿದವರು ಈ ಊರಿನಲ್ಲಿ ಅವರೊಬ್ಬರೇ ಇರಬೇಕು. ಏನೂ ಸಿಗದಿದ್ದರೆ ಅವಧಿ ಮುಗಿಯುವ ದಿನ ‘ನಿಲ್’ ಎಂದು ವರದಿ ಸಲ್ಲಿಸತಕ್ಕದ್ದು ಎಂದು ಕೊನೆಯದರಲ್ಲಿತ್ತು. ಅನುಮತಿಯ ದಿನಾಂಕಕ್ಕೆ ಮುಂಚೆ ಕಿತ್ತದ್ದನ್ನು ಅದರೊಳಗೆ ಸೇರಿಸಬಹುದೇ ಎಂದು ನಾನು ಕೇಳಿದೆ, ಪ್ರೆಸಿ ಬರೆದವಳ ದನಿಯಲ್ಲಿ. ಅವರು ದಿನಾಂಕದ ಮೇಲೆ ಬೆರಳಿಟ್ಟು ತೋರಿಸಿದರು.

ತೊಂಬತ್ತು ದಿನ ದಿನಾ ಬೆಳಿಗ್ಗೆ ಏಳಕ್ಕೆ ಇಬ್ಬರೂ ಮೂರನೇ ಕಂಬದ ಹತ್ತಿರ ಹೋದರು. ಅಳಿಯ ಮಂಡಿ ಊರಿ ನೋಡುವುದು, ಅತ್ತೆ ಕೋಲು ಊರಿ ನಿಲ್ಲುವುದು. ಬೀಜ ಬಿದ್ದಿದ್ದರೆ ಮೊಳಕೆ ಬರಬೇಕಿತ್ತು. ಒಮ್ಮೆ ಏನೋ ಹಸಿರು ಕಂಡು ಎಂಟು ದಿನ ಮನೆಯಲ್ಲಿ ಯಾರೂ ಜೋರಾಗಿ ಮಾತಾಡಲಿಲ್ಲ. ಒಂಬತ್ತನೇ ದಿನ ಅದು ನೆಲನೆಲ್ಲಿ ಎಂದು ತಿಳಿಯಿತು. ಹುಲ್ಲು ಕತ್ತರಿಸುವವರು ಬಂದರೆ ಪೇಪರ್ ಹಿಡಿದು ನಿಲ್ಲುವ ಕೆಲಸ ಈಗ ಮೈಥಿಲಿಯಮ್ಮನದು. ಅವರು ಪೇಪರ್ ಹಿಡಿಯುವುದಿಲ್ಲ, ಕೋಲು ಅಡ್ಡ ಹಿಡಿಯುತ್ತಾರೆ.

ತೊಂಬತ್ತನೇ ದಿನ ಬೆಳಿಗ್ಗೆ ಹತ್ತು ಗಂಟೆಯವರೆಗೂ ಕಾದು, ಮೇಲೆ ಬಂದು, ಲೇಡ್‌ಲಾ ಕಂಪ್ಯೂಟರ್ ತೆರೆದರು. ‘ಸಂಗ್ರಹಿಸಿದ ಮಾದರಿಗಳ ಸಂಖ್ಯೆ’ ಎಂಬಲ್ಲಿ ‘ನಿಲ್’ ಎಂದು ಒತ್ತಿದರು. ಅದಕ್ಕೆ ಮಾತ್ರ ಟಿಪ್ಪಣಿ ಹಾಕಲಿಲ್ಲ. ನಾನು ಹಾಲಿಗೆ ಹೆಪ್ಪು ಕೇಳಲು ಹೋದವಳು ಬಾಗಿಲಲ್ಲೇ ನಿಂತಿದ್ದೆ.

ಮೈಥಿಲಿಯಮ್ಮ ಅವರ ಬೆನ್ನ ಹಿಂದಿನಿಂದ ಬಗ್ಗಿ ನೋಡಿ ಕೇಳಿದರು, “ಒಂದೂ ಇಲ್ಲ ಅಂತ ಯಾಕೆ ಬರೆದ್ರಿ? ಬೀರುನಲ್ಲಿ ಒಂದು ಇದ್ಯಲ್ಲ.”

“ಅದು ನೀವು ಸಂಗ್ರಹಿಸಿದ್ದು, ಅತ್ತೆಯವರೇ,” ಎಂದರು ಲೇಡ್‌ಲಾ. “ಇವರು ಕೇಳಿರುವುದು ನನ್ನದನ್ನು.”